ಕೈ ಯಂದಲ್ದಾ?

"ಅಪ್ಪಯ್ಯ, ಕೈ ಯಂದಲ್ದಾ?"

ಕೈ ನನ್ನದಲ್ವಾ ಅಂತ. ಭಾನುವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದ್ದು ಅಕ್ಕನ ಮಗಳು, ಒಂಬತ್ತನೇ ಕ್ಲಾಸು. ಹೇಳಿಸಿಕೊಂಡಿದ್ದು ನಮ್ಮ ಭಾವ. ಅಡಿಕೆ ಶೆಡ್ಡಿನ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. "ಎಂತೇ?" ಅಂದರು ಭಾವ. ಅವಳು ಮತ್ತೆ ಹೇಳಿದಳು, ಈ ಸಲ ಇನ್ನೂ ಜೋರಾಗಿ. ಮೊದಲ ಸಲವೇ ಅವರಿಗೆ ಕೇಳಿಸಿತ್ತು ಅಂತ ನನ್ನ ಗುಮಾನಿ.

ಜಗಳದ ಮೂಲ ಒಂದು ರಿಲೀಸ್. ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲಿನ ಹೆದೆಯನ್ನು ಬೆರಳಿಂದ ಎಳೆಯುವುದಿಲ್ಲ. ಹೆದೆಗೆ ಡಿ-ಲೂಪ್ ಅಂತ ಪುಟ್ಟ ಕುಣಿಕೆ ಕಟ್ಟಿರುತ್ತಾರೆ. ರಿಲೀಸಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ಎಳೆಯಬೇಕು. ಕೊಕ್ಕೆ ಬಿಚ್ಚಿಕೊಂಡಾಗ ಬಾಣ ಹೋಗುತ್ತದೆ. ಬಿಲ್ಲಿಗೆ ಎಷ್ಟೇ ದುಡ್ಡು ಸುರಿದಿರಲಿ, ಕೊನೆಯ ಕ್ಷಣ ನಡೆಯುವುದು ಈ ಸಣ್ಣ ಸಾಮಾನಿನೊಳಗೆ.

ಭಾವನಿಗೆ ಮಗಳ ಬಿಲ್ಲಿನ ಮೇಲೆ ಪ್ರೀತಿ ಹುಟ್ಟಿದ್ದು ಇತ್ತೀಚೆಗೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ ಅಂತ ಓದಿದ ಮೇಲೆ. ಅಲ್ಲಿಯವರೆಗೆ ಅದು ಅವರ ಪಾಲಿಗೆ ಕೂಸಿನ ಆಟ. ಈಗ ಸಂಜೆಯಾದರೆ ಮೊಬೈಲ್ ಹಿಡಿದು ಕೂರುತ್ತಾರೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಸುರೇಖಾ ಮೂರು ಚಿನ್ನ ಗೆದ್ದಿದ್ದನ್ನು ತಾವೇ ಎದುರು ನಿಂತು ನೋಡಿದವರ ಹಾಗೆ ಹೇಳುತ್ತಾರೆ. ಹಾಗೆ ನೋಡುತ್ತಾ ನೋಡುತ್ತಾ ಯಾವುದೋ ವಿದೇಶಿ ಚಾಂಪಿಯನ್ ಕೈಯಲ್ಲಿದ್ದ ರಿಲೀಸ್ ಅವರ ಕಣ್ಣಿಗೆ ಬಿತ್ತು. ಅದನ್ನೇ ತರಿಸಿದರು. ಒಂದು ಒಳ್ಳೆ ಮೊಬೈಲ್ ಬರುವಷ್ಟು ದುಡ್ಡು.

ಭಾವ ಜಿಪುಣರಲ್ಲ ಅಂತಲ್ಲ. ತೋಟಕ್ಕೆ ಕೊಳೆ ಔಷಧಿ ಹೊಡೆಸಲು ಮೈಲುತುತ್ತ ತರುವಾಗ ನಾಲ್ಕು ಅಂಗಡಿ ತಿರುಗಿ ರೇಟು ಕೇಳುವ ಮನುಷ್ಯ. ಮಗಳಿಗೆ ಅಂದರೆ ಮಾತ್ರ ಕೈ ಬಿಚ್ಚುತ್ತಾರೆ. ಆದರೆ ಏನು ತಂದರೂ ಒಂದು ಸೈಜ್ ದೊಡ್ಡದು. ಯೂನಿಫಾರ್ಮ್ ದೊಡ್ಡದು, ಚಪ್ಪಲಿ ದೊಡ್ಡದು. ಅವಳ ರೇನ್‌ಕೋಟಿನಲ್ಲಿ ಇನ್ನೊಬ್ಬಳು ಹಿಡಿಸುತ್ತಾಳೆ. ರಿಲೀಸೂ ಲಾರ್ಜ್. ಹೆಬ್ಬೆರಳಿನಿಂದ ಒತ್ತುವ ಥಂಬ್ ಬಟನ್, ನಾಲ್ಕು ಬೆರಳಿನ ಹಿಡಿ.

ಅವಳು ಹಿಡಿದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಿರುಬೆರಳು ಹಿಡಿಯ ತುದಿಗೆ ತಾಗಿಯೂ ತಾಗದ ಹಾಗಿತ್ತು. ಉಳಿದ ಬೆರಳುಗಳ ಗೆಣ್ಣಿನಲ್ಲಿ ಕೂರಬೇಕಾದ ಹಿಡಿ ತುದಿಗೆ ಜಾರಿತ್ತು. ಬಟನ್ನು ಹೆಬ್ಬೆರಳಿನ ಬುಡದ ಹತ್ತಿರ ಬರಬೇಕು. ಆಗ ಬೆರಳು ಅದನ್ನು ಸುಮ್ನೆ ತಬ್ಬಿಕೊಂಡಿರುತ್ತದೆ, ಬೆನ್ನಿನ ಸ್ನಾಯು ಹಿಂದಕ್ಕೆ ಎಳೆಯುತ್ತಾ ಹೋದ ಹಾಗೆ ಒತ್ತಡ ತಾನಾಗಿ ಏರಿ ಬಾಣ ಹೋಗುತ್ತದೆ. ಇವಳಿಗೆ ಸಿಗುತ್ತಿದ್ದುದು ಬೆರಳಿನ ತುದಿ ಮಾತ್ರ. ತುದಿಯಿಂದ ಒತ್ತುವುದು ಅಂದರೆ ಕುಟ್ಟುವುದೇ. ಗುರಿಯ ಹಳದಿ ಕಂಡ ತಕ್ಷಣ ಬೆರಳು ಹಾರುತ್ತದೆ, ಅದರ ಜೊತೆ ಭುಜವೂ ಹಾರುತ್ತದೆ. ಬಿಲ್ಲುಗಾರರು ಇದಕ್ಕೆ ಪಂಚ್ ಮಾಡೋದು ಅಂತಾರೆ. ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಸ್ಪರ್ಧೆಯಲ್ಲಿ 50 ಮೀಟರ್ ದೂರದಲ್ಲಿರುವ ಹತ್ತರ ವೃತ್ತದ ಅಗಲ ಬರೀ 8 ಸೆಂಟಿಮೀಟರ್. ಇಲ್ಲಿ ಬೆರಳು ಕೂದಲೆಳೆಯಷ್ಟು ಹಾರಿದರೆ ಅಲ್ಲಿ ಬಾಣ ಎಲ್ಲಿಗೋ.

ಮಳೆಗಾಲದಲ್ಲಿ ನಾವು 50 ಮೀಟರ್ ಹೊಡೆಯುವುದಿಲ್ಲ. ಮನೆ ಹಿಂದೆ ದರೆಗೆ ಮುಖ ಮಾಡಿ ಜಾಗ ಮಾಡಿಕೊಂಡಿದ್ದೇನೆ, ಆದರೆ ಈಗ ಅಲ್ಲಿ ಕಾಲಿಟ್ಟರೆ ಉಂಬಳ, ಅದೇ ರಕ್ತ ಹೀರುವ ಜಿಗಣೆ. ಶೆಡ್ಡಿನೊಳಗೆ ನಾಲ್ಕೈದು ಮೀಟರಿನಿಂದ, ಗುರಿಯ ಕಾಗದವನ್ನೇ ಅಂಟಿಸದೆ ಹೊಡೆಯುತ್ತೇವೆ. ನೋಡಲು ಗುರಿಯೇ ಇಲ್ಲದಾಗ ಗಮನ ಕೈಗೆ ಬರುತ್ತದೆ. ಹಾಗಾಗಿಯೇ ಭಾನುವಾರ ಅವಳಿಗೆ ಬೇಗ ಗೊತ್ತಾಯಿತು. ಕೆಲವು ಬಾಣ ಬಿಟ್ಟಳು, ರಿಲೀಸನ್ನು ಬೆಂಚಿನ ಮೇಲಿಟ್ಟಳು, ಅಂಗೈ ಒರೆಸಿಕೊಂಡಳು. "ಯಂಗೆ ಇದು ಬ್ಯಾಡ."

"ಚಾಂಪಿಯನ್ ಹಿಡ್ಕಂಡಿದ್ದೇ ಅದು. ಕೈ ಬೆಳೀತು ಬಿಡೇ ಕೂಸೆ."

ಆಗ ಬಂದಿದ್ದು ಆ ಮಾತು. ಸಿಟ್ಟಿನ ದನಿ ಅಲ್ಲ. ಪೆನ್ಸಿಲ್ ಯಾರದ್ದು ಅಂತ ಕೇಳುವ ದನಿ.

ಚಾಂಪಿಯನ್ ಅಂದಾಗ ನನಗೆ ನೆನಪಾಗುವುದು ಶೀತಲ್ ದೇವಿ. ಜಮ್ಮು-ಕಾಶ್ಮೀರದ ಕಿಶ್ತ್ವಾಡದ ಹುಡುಗಿ, ಹುಟ್ಟಿನಿಂದ ಎರಡೂ ತೋಳಿಲ್ಲ. ಕಾಲಿನಿಂದ ಬಿಲ್ಲು ಎತ್ತಿ ಹಿಡಿಯುತ್ತಾರೆ, ಭುಜಕ್ಕೆ ಕಟ್ಟಿದ ರಿಲೀಸಿನಿಂದ ಹೆದೆ ಎಳೆಯುತ್ತಾರೆ, ದವಡೆಯ ಬಲದಿಂದ ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. ಅವರ ಮೈಗೆ ಹೊಂದುವ ಹಾಗೆ ಸಾಮಾನು ಮಾಡಿದ್ದಾರೆ. ಭಾವನಿಗೆ ಈ ವಿಡಿಯೋ ಕಳಿಸಿದೆ. ಕೈ ಮುಗಿಯುವ ಚಿತ್ರ ವಾಪಸ್ ಬಂತು. ವಿಷಯ ತಲುಪಿದ ಲಕ್ಷಣ ಅದಲ್ಲ.

ಅವತ್ತು ಮಧ್ಯಾಹ್ನ ನನ್ನ ಹಳೇ ರಿಲೀಸುಗಳ ಡಬ್ಬಿ ತೆಗೆದೆ. ರಿಲೀಸು ಹಿಡಿದು ನೋಡಲು ಬಿಲ್ಲು ಬೇಡ, ಬರೀ ನೈಲಾನ್ ಹಗ್ಗದ ಕುಣಿಕೆ ಸಾಕು. ಒಂದು ತುದಿ ಬಿಲ್ಲು ಹಿಡಿಯುವ ಕೈಯಲ್ಲಿ, ಇನ್ನೊಂದು ತುದಿಗೆ ರಿಲೀಸು, ಕುಣಿಕೆ ಅವಳ ಎಳೆತದಷ್ಟೇ ಉದ್ದ. ತಪ್ಪಾಗಿ ಬಿಚ್ಚಿಕೊಂಡರೂ ಏನೂ ಮುರಿಯುವುದಿಲ್ಲ. ಬಿಲ್ಲನ್ನು ಬಾಣವಿಲ್ಲದೆ ಬಿಟ್ಟರೆ ಬಿಲ್ಲೇ ಹೋಗುತ್ತದೆ. ಹಿಂಜ್ ರಿಲೀಸಿಗಂತೂ ಹಗ್ಗದ ಪಾಠ ಮೊದಲು ಆಗಲೇಬೇಕು. ಅದಕ್ಕೆ ಬಟನ್ನೇ ಇಲ್ಲ. ಕೈ ನಿಧಾನ ತಿರುಗಿದ ಹಾಗೆ ಒಳಗಿನ ಅರ್ಧಚಂದ್ರ ತಿರುಗಿ ಕೊಕ್ಕೆ ಬಿಡುತ್ತದೆ. ಎಳೆಯುವಾಗ ಹೆಬ್ಬೆರಳನ್ನು ಅದರ ಗೂಟದ ಮೇಲೆ ಇಡದಿದ್ದರೆ ಅರ್ಧದಲ್ಲೇ ಬಿಟ್ಟು ನಮ್ಮದೇ ಮುಷ್ಟಿ ನಮ್ಮ ಮೂತಿಗೆ ಬರುತ್ತದೆ.

ಟೆನ್ಷನ್ ರಿಲೀಸನ್ನೂ ಕೊಟ್ಟೆ. ಅವಳ ಬಿಲ್ಲು 40 ಪೌಂಡಿನದು, 75 ಪರ್ಸೆಂಟ್ ಲೆಟ್-ಆಫ್. ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವ ಭಾರ 10 ಪೌಂಡು. ಟೆನ್ಷನ್ ರಿಲೀಸನ್ನು ಅದಕ್ಕಿಂತ ಮೂರ್ನಾಲ್ಕು ಪೌಂಡ್ ಜಾಸ್ತಿಗೆ ಕೂರಿಸಿ, ಎಳೆದಾದ ಮೇಲೆ ಸೇಫ್ಟಿ ಬಿಟ್ಟು ಇನ್ನೂ ಎಳೆಯುತ್ತಾ ಹೋದರೆ ಯಾವಾಗಲೋ ಬಾಣ ಹೋಗುತ್ತದೆ. ಅದು ಅವಳಿಗೆ ಮಜಾ ಅನ್ನಿಸಿತು. ಹಿಂಜ್ ಹಿಡಿದಾಗ ಮುಖ ಗಂಟಾಯಿತು. ನನಗೆ ಹಿಂಜ್ ಅಂದರೆ ಪ್ರಾಣ, ಆದರೂ ತುಟಿ ಬಿಚ್ಚಲಿಲ್ಲ.

ಎಲ್ಲ ನೋಡಿ ಕೊನೆಗೆ ಅವಳು ಎತ್ತಿಕೊಂಡಿದ್ದು ತನ್ನ ಹಳೇ ಪಟ್ಟಿಯ ರಿಲೀಸನ್ನೇ, ಮಣಿಕಟ್ಟಿಗೆ ಕಟ್ಟಿ ತೋರುಬೆರಳಿನಿಂದ ಒತ್ತುವುದು. ಶುರು ಮಾಡುವವರದ್ದು ಅಂತ ಎಲ್ಲರೂ ತಾತ್ಸಾರ ಮಾಡುವ ಜಾತಿ. ನಮ್ಮ ಮಳೆಗೆ ಅದರ ಚರ್ಮಕ್ಕೆ ಬೂಷ್ಟು ಬೇರೆ ಹಿಡಿದಿತ್ತು. ಒರೆಸಿ, ಪಟ್ಟಿಯಿಂದ ಕೊಕ್ಕೆಯವರೆಗಿನ ಉದ್ದವನ್ನು ಕಮ್ಮಿ ಮಾಡಿಕೊಟ್ಟೆ. ಈಗ ಟ್ರಿಗ್ಗರ್ ಬೆರಳಿನ ಗೆಣ್ಣಿಗೆ ಬರುತ್ತದೆ. "ಮಾವ, ಸದ್ಯಕ್ಕೆ ಇದೇ ಸಾಕು" ಅಂದಳು. ಇದರಲ್ಲಿ ಇನ್ನೊಂದು ಲಾಭವೂ ಇದೆ. ಕೈಯಲ್ಲಿ ಹಿಡಿಯುವ ರಿಲೀಸಿಗೆ ಬದಲಾದರೆ ಮುಷ್ಟಿ ದವಡೆಗೆ ಕೂರುವ ಜಾಗ ಬದಲಾಗುತ್ತದೆ. ಆಮೇಲೆ ಎಳೆತದ ಉದ್ದ, ಪೀಪ್ ಅಂದರೆ ಹೆದೆಯಲ್ಲಿ ಕೂರಿಸಿದ ನೋಡುವ ತೂತಿನ ಎತ್ತರ ಎಲ್ಲವನ್ನೂ ಮತ್ತೆ ಹೊಂದಿಸುತ್ತಾ ಕೂರಬೇಕು. ಇದಕ್ಕೆ ಆ ತಂಟೆಯಿಲ್ಲ.

ಸುಗ್ಗಿಯಲ್ಲಿ ನಮ್ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸರು ಒಬ್ಬರ ಕತ್ತಿ ಇನ್ನೊಬ್ಬರು ಮುಟ್ಟುವುದಿಲ್ಲ. ಯಾರೂ ಅವರಿಗೆ ಇದನ್ನೇ ತಗೋ ಅನ್ನುವುದಿಲ್ಲ, ಅಂದರೆ ಮರುದಿನ ಅವರು ಬರುವುದೂ ಇಲ್ಲ. ಅದೇ ಮನೆಯಲ್ಲಿ ಮಕ್ಕಳ ವಿಷಯ ಬಂದರೆ ಬೇರೆ ನ್ಯಾಯ. ಪಕ್ಕದ ಮನೆ ಹುಡುಗ ಸೈನ್ಸ್ ಓದಿ ಬೆಂಗಳೂರಿನಲ್ಲಿ ಕಾರು ತಗೊಂಡ, ಆದ್ದರಿಂದ ನೀನೂ ಸೈನ್ಸ್. ಅಕ್ಕನಿಗೆ ಚಿಕ್ಕವಳಿದ್ದಾಗ ಹಾರ್ಮೋನಿಯಂ ಬೇಕಿತ್ತು. ನಮ್ಮ ಅಪ್ಪ ಹೊಲಿಗೆ ಮಷಿನ್ ತಂದರು. ಒಳ್ಳೆಯ ಮಷಿನ್ನೇ, ಸುಳ್ಳು ಹೇಳಬಾರದು. ಈಗಲೂ ಮನೆಯಲ್ಲಿದೆ, ಮೇಲೆ ಹಳೇ ಪೇಪರು ಪೇರಿಸಿದ್ದಾರೆ. ಅಕ್ಕ ಒಂದು ದಿನವೂ ಅದರ ಬಗ್ಗೆ ದೂರಿದ್ದು ಕೇಳಿಲ್ಲ. ಭಾನುವಾರ ಅವಳು ಶೆಡ್ಡಿಗೆ ಬಂದಿರಲಿಲ್ಲ. ರಾತ್ರಿ ಫೋನಿನಲ್ಲಿ ಮಗಳ ಮಾತು ಹೇಳಿದೆ. ಸರಿಯಾಗಿ ಏನು ಅಂದಳು ಅಂತ ಕೇಳಿದಳು. ಹೇಳಿದೆ. ಅಪ್ಪನ ಎದುರಿಗೇನಾ ಅಂದಳು. ಹೌದು ಅಂದೆ. ಇನ್ನೊಮ್ಮೆ ಹೇಳು ಅಂದಳು.

ನಿನ್ನೆ ಭಾವನ ಫೋನು. ಬಾಕ್ಸ್ ಒಡೆದಿದ್ದನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲವಂತೆ. ಬೇಜಾರಿನಲ್ಲಿರಬಹುದು ಅಂದುಕೊಂಡರೆ ದನಿಯಲ್ಲಿ ಬೇರೇನೋ ಇತ್ತು. ಆ ಲಾರ್ಜ್ ರಿಲೀಸ್ ಅವರ ಕೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದಂತೆ. ಕೂರದೆ ಏನು, ತರಿಸುವಾಗ ಮನಸ್ಸಿನಲ್ಲಿ ಹಿಡಿದು ನೋಡಿದ ಕೈ ಅದೇ ಅಲ್ವಾ? ಟಿವಿ ಮುಂದೆ ಹಗ್ಗದ ಕುಣಿಕೆ ಎಳೆಯುತ್ತಾ ಕೂತಿದ್ದಾರೆ. ಐವತ್ತು ದಾಟಿದವರು ಶುರು ಮಾಡಿದರೆ ನಡೆಯುತ್ತದಾ ಅಂತ ಕೇಳಿದರು. ಧಾರಾಳವಾಗಿ ನಡೆಯುತ್ತದೆ, ಮೊದಲು ನಿಮ್ಮ ಎಳೆತದ ಉದ್ದ ಅಳೆಯಬೇಕು, ಭಾನುವಾರ ಬನ್ನಿ, ಬಾಯಿಯ ಎಲೆಅಡಿಕೆ ಕವಳ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ ಅಂದೆ.

"ಬಿಲ್ಲಿಗೂ ಕವಳಕ್ಕೂ ಎಂತ ಸಂಬಂಧ ಭಾವ?" ಅಂದರು. ಅವರಿಗೂ ನಾನು ಭಾವನೇ.

ಮುಷ್ಟಿ ಪ್ರತಿ ಸಲ ದವಡೆಯ ಅದೇ ಜಾಗಕ್ಕೆ ಬಂದು ಕೂರಬೇಕು, ಕೆನ್ನೆ ಉಬ್ಬಿದ್ದರೆ ಲೆಕ್ಕ ತಪ್ಪುತ್ತದೆ ಅಂತ ವಿವರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಹಂಗಾರೆ ಯೋಚ್ನೆ ಮಾಡವು" ಅಂದರು.