ನೆಲದಡಿಯ ಪೈಪ್ ಸೋರಿಕೆ: ಕಾವಿ ನೆಲ ಒಡೆಯದೆ ಹೊಸ ಲೈನ್, ಇಲ್ಲಿವರೆಗೆ ಆದದ್ದು

ನಮ್ಮ ಕೊಡಗಿನ ಮನೆಯಲ್ಲಿ ಬಚ್ಚಲ ಪಕ್ಕದ ಗೋಡೆ ಒದ್ದೆಯಾಗುತ್ತಿದೆ ಅಂತ ಹೋದ ಸಲ ಬರೆದಾಗ, ಅದು ನೆಲದಡಿಯ ಪೈಪಿನ ಸೋರಿಕೆಯೋ ಅಥವಾ ಜಲವೋ (ಮಳೆಗಾಲದಲ್ಲಿ ನೆಲದಿಂದ ಏಳುವ ಒರತೆ) ಅನ್ನುವುದೇ ತೀರ್ಮಾನ ಆಗಿರಲಿಲ್ಲ. ಈಗ ಆಗಿದೆ. ಪೈಪೇ.

ನಮ್ಮ ಕಡೆ ಈ ಗೊಂದಲ ಸಹಜ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ಕೊಡಗಿನಲ್ಲಿ ಎಲ್ಲಿ ಬೇಕಾದರೂ ಜಲ ಏಳುತ್ತದೆ. ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಪಕ್ಕದ ಮನೆ ಆದರಂತೂ ಅಡುಗೆಮನೆ ಮೂಲೆಯಲ್ಲೇ ಒರತೆ ಬರುವುದುಂಟು. ಮೇಸ್ತ್ರಿಯೂ "ಜಲ ಬಿಡಿ, ಮಳೆ ನಿಂತರೆ ನಿಲ್ಲುತ್ತೆ" ಅಂದಿದ್ದರು. ಆದರೆ ಜನವರಿ ಕಳೆದು, ಕಣದಲ್ಲಿ ಕಾಫಿ ಗಲಗಲ ಅನ್ನುವಷ್ಟು ಒಣಗಿದ ಮೇಲೂ ಬಚ್ಚಲ ಪಕ್ಕದ ಕೋಣೆಯ ಗೋಡೆ ಬುಡ ಒಂದಡಿ ಎತ್ತರಕ್ಕೆ ಒದ್ದೆ. ಪೇಂಟ್ ಹಪ್ಪಳದಂತೆ ಎದ್ದಿತ್ತು, ಕೆರೆದರೆ ಹಿಂದೆ ಬಿಳಿ ಉಪ್ಪು. ಫೆಬ್ರವರಿಯಲ್ಲಿ ಯಾವ ಜಲ?

ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿದೆ. ರಾತ್ರಿ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ಮುಚ್ಚಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕುವುದು. ಬೆಳಿಗ್ಗೆ ನಾಲ್ಕು ಬೆರಳು ಇಳಿದಿತ್ತು. ಸಾವಿರ ಲೀಟರ್ ಟ್ಯಾಂಕಿನಲ್ಲಿ ಅದು 60 ಲೀಟರಿಗೂ ಜಾಸ್ತಿ. ಮಾರನೆ ರಾತ್ರಿ ಟ್ಯಾಂಕಿನ ಕೆಳಗಿನ ಗೇಟ್ ವಾಲ್ವನ್ನೇ ಮುಚ್ಚಿದೆ, ಮಟ್ಟ ಅಲ್ಲಾಡಲಿಲ್ಲ. ಅಂದರೆ ಟ್ಯಾಂಕ್ ಸರಿ ಇದೆ, ಲೈನ್ ಸೋರುತ್ತಿದೆ. ಬಾತ್‌ರೂಮ್ ಟ್ರಾಪಿಗೆ (ನೆಲದಲ್ಲಿ ನೀರು ಹೊರಹೋಗುವ ಬಾಯಿ) ಬಟ್ಟೆ ತುರುಕಿ ಅದರ ಮೇಲೆ ನೀರು ನಿಲ್ಲಿಸಿಯೂ ನೋಡಿದೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಸೋರುವುದು ನೆಲದ ಬಾಯಿಯ ಸುತ್ತಲಿನ ಸಂದು. ನಮ್ಮಲ್ಲಿ ಅದು ಗಟ್ಟಿ ಇದೆ.

ಆಮೇಲೆ ಪ್ಲಂಬರ್ ಗೇಜ್ ಇರುವ ಹ್ಯಾಂಡ್ ಪಂಪ್ ತಂದರು. ತಣ್ಣೀರಿನ ಲೈನಿಗೆ 2 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಕೊಟ್ಟಾಗ ಮುಳ್ಳು ನಿಂತೇ ಇತ್ತು. ಬಿಸಿನೀರಿನ ಲೈನಿಗೆ ಕೊಟ್ಟರೆ ಕಣ್ಣೆದುರೇ ಇಳಿಯಿತು. ಹಳೆ ಪೈಪಿಗೆ ಅದಕ್ಕಿಂತ ಜಾಸ್ತಿ ಕೊಡಬೇಡಿ ಅಂತ ನಾನೇ ಹೇಳಿದ್ದೆ. ನಮ್ಮ ಟ್ಯಾಂಕ್ ನಲ್ಲಿಗಿಂತ 6 ಮೀಟರ್ ಎತ್ತರದಲ್ಲಿದೆ, ಪೈಪ್ ದಿನಾ ತಡೆಯುವುದು 0.6 ಕೆಜಿ ಅಷ್ಟೇ. ಇಷ್ಟು ಕಡಿಮೆ ಒತ್ತಡದಲ್ಲಿ ನೆಲಕ್ಕೆ ಕಿವಿ ಕೊಟ್ಟರೂ ಸದ್ದು ಬರುವುದಿಲ್ಲ. ಪಂಪ್ ಹಾಕಿದಾಗ ಮಾತ್ರ ಕಬ್ಬಿಣದ ಸರಳಿನ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ ಹಿಡಿದರೆ ಆ ಕೋಣೆಯ ಬಟ್ಟೆ ಬೀರು ಹತ್ತಿರ ಸಣ್ಣಗೆ ಸುಯ್ ಅನ್ನುತ್ತಿತ್ತು. ಅಮ್ಮ ಬಿಸಿಲಿನ ದಿನ ಅಲ್ಲಿ ನೆಲ ಬೆಚ್ಚಗಿರುತ್ತೆ ಅಂತ ಮೊದಲಿನಿಂದಲೂ ಹೇಳುತ್ತಿದ್ದರು. ಸೋಲಾರ್ ನೀರು ಅಲ್ವಾ, ಸರಿಯಾಗೇ ಹೇಳಿದ್ದಾರೆ.

ಇನ್ನು ರಿಪೇರಿ ಹೇಗೆ ಅನ್ನುವ ಪ್ರಶ್ನೆ. ಎಲ್ಲರೂ ಮೊದಲು ಹೇಳುವುದು, ಜಾಗ ಗೊತ್ತಾಯಿತಲ್ಲ, ಅಲ್ಲೇ ಒಡೆದು ಒಂದು ತುಂಡು ಪೈಪ್ ಬದಲಾಯಿಸಿ ಅಂತ. ಪೈಪ್ ಹೊಸದಾಗಿದ್ದು ಒಂದು ಜಾಯಿಂಟ್ ಬಿಟ್ಟಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಇದು ಹಳೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ತೋಟಕ್ಕೆ ಸುಣ್ಣ ಹಾಕುವುದು ಯಾಕೆ, ನಮ್ಮ ಮಣ್ಣು ಹುಳಿ ಅಂತ ತಾನೆ? ಅದೇ ಹುಳಿ ಮಣ್ಣು, ವರ್ಷದ ಅರ್ಧ ಒದ್ದೆಯಾಗಿದ್ದು, ಪೈಪಿನ ಮೇಲಿನ ಸತುವಿನ ಲೇಪವನ್ನು ಹೊರಗಿನಿಂದ ತಿಂದಿರುತ್ತದೆ. ಇವತ್ತು ಬೀರು ಕೆಳಗೆ, ನಾಳೆ ಅಡುಗೆಮನೆ ಕೆಳಗೆ. ಪ್ರತಿ ಸಲ ಕಾಂಕ್ರೀಟು, ಅದರ ಮೇಲಿನ ಕಾವಿ ಎರಡನ್ನೂ ಒಡೆಯಬೇಕು, ಹಳೆ ಕಾವಿ ಬಣ್ಣಕ್ಕೆ ಹೊಸದು ಎಂದೂ ಹೊಂದುವುದಿಲ್ಲ.

ಹೊರಗಿನಿಂದ ಪಾಯದ ಕೆಳಗೆ ಸುರಂಗದ ಹಾಗೆ ತೋಡಿ ಪೈಪ್ ಹಿಡಿಯುವುದೂ ಇದೆ. ನಮ್ಮದು ಇಳಿಜಾರಿನ ಮನೆ, ಕಲ್ಲಿನ ಪಾಯ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ ನೋಡಿದ ಯಾರೂ ಇಂಥ ಜಾಗದಲ್ಲಿ ಪಾಯದ ಬುಡ ಅಗೆಯಲು ಒಪ್ಪುವುದಿಲ್ಲ. ಪೈಪ್ ಒಳಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ಲೇಪ ಮಾಡಿಸುವುದನ್ನೂ ವಿಚಾರಿಸಿದೆ. ಮೊದಲು ಒಳಗಿನ ತುಕ್ಕೆಲ್ಲ ಉಜ್ಜಿ ತೆಗೆಯಬೇಕು, ಇಷ್ಟು ತಿಂದುಹೋದ ಅರ್ಧ ಇಂಚಿನ ಪೈಪಿಗೆ ಅದು ಬೇಡ ಅನಿಸಿತು.

ಹಾಗಾಗಿ ನೆಲದಡಿಯ ಲೈನನ್ನೇ ಕೈಬಿಟ್ಟು, ಅಟ್ಟದ ಮೇಲಿಂದ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್) ಎಳೆಯುವುದು ಅಂತ ನಿರ್ಧಾರ. ತಣ್ಣೀರಿನದ್ದು ಈಗ ಸೋರುತ್ತಿಲ್ಲ, ಆದರೂ ಎರಡನ್ನೂ. ವಯಸ್ಸು ಒಂದೇ, ಮಣ್ಣೂ ಒಂದೇ.

ಅಟ್ಟದ ಕೆಲಸ ಮುಗಿದಿದೆ. ಸಿಪಿವಿಸಿ ಬಿಸಿಗೆ ಹಿಗ್ಗುತ್ತದೆ. 10 ಮೀಟರ್ ಪೈಪ್ 40 ಡಿಗ್ರಿ ಬಿಸಿ ಏರಿದರೆ ಒಂದು ಇಂಚಿನಷ್ಟು ಉದ್ದವಾಗುತ್ತದೆ. ಅದಕ್ಕೆ ಮೂರಡಿಗೊಂದು ಕ್ಲಾಂಪ್ ಹಾಕಿದರೂ ಬಿಗಿ ಮಾಡಿಲ್ಲ, ಹಿಗ್ಗಲು ಜಾಗ ಇರಲಿ ಅಂತ ನಡುವೆ ಒಂದು ಕಡೆ ಪೈಪನ್ನು ಬಳಸಿ ತಂದಿದ್ದೇವೆ. ಥಂಡಿ ಹವೆಯಲ್ಲಿ ಜಾಯಿಂಟಿನ ಸಾಲ್ವೆಂಟ್ ಅಂಟು ಹಿಡಿಯಲು ಹೊತ್ತು ಬೇಕು, ಹಾಗಾಗಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದ ದಿನ ಅಂಟಿಸಿದ ಜಾಯಿಂಟುಗಳಿಗೆ ಪೂರ್ತಿ ಒಂದು ದಿನ ನೀರು ಬಿಡಲಿಲ್ಲ. ಹೊರಗೆ ಬಿಸಿಲು ಬೀಳುವ ಕಡೆ ವಾಟರ್ ಬೇಸ್ ಪೇಂಟ್ ಬಳಿದಾಗಿದೆ.

ಹಳೆ ಪೈಪ್ ಕತ್ತರಿಸುವ ಮುಂಚೆ ಒಂದು ವಿಷಯ ಕಣ್ಣಿಗೆ ಬಿತ್ತು, ಇದನ್ನು ದಯವಿಟ್ಟು ಎಲ್ಲರೂ ನೋಡಿಕೊಳ್ಳಿ. ಬಚ್ಚಲ ಕಿಟಕಿ ಪಕ್ಕ ಹಸಿರು ಹಿಡಿದ ಒಂದು ತಾಮ್ರದ ತಂತಿ ಜಿಐ ಪೈಪಿಗೆ ಸುತ್ತಿತ್ತು. ಮನೆಯ ಅರ್ತಿಂಗ್ ಅದೇ! ಹಿಂದೆ ಹಾಗೆ ಕಟ್ಟುತ್ತಿದ್ದರು. ಸಿಪಿವಿಸಿ ಕರೆಂಟ್ ಹರಿಸುವುದಿಲ್ಲ, ಸುಮ್ನೆ ಪೈಪ್ ಬದಲಾಯಿಸಿದ್ದರೆ ಗೀಸರಿಗೆ ಅರ್ತೇ ಇರುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಬೇರೆ ಅರ್ತ್ ಗುಂಡಿ ಮಾಡಿ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಹಾಕಿ, ಪರೀಕ್ಷೆ ಮಾಡಿದ ಮೇಲೇ ಪೈಪಿಗೆ ಹ್ಯಾಕ್ಸಾ ಬ್ಲೇಡ್ ಇಟ್ಟದ್ದು. ಈಗ ಹಳೆ ಲೈನಿನ ಎರಡೂ ತುದಿಗೆ ಕ್ಯಾಪ್ ಹಾಕಿ ನೆಲದಲ್ಲೇ ಬಿಟ್ಟಿದ್ದೇವೆ. ಟ್ಯಾಂಕಿನ ಗುರುತು ರಾತ್ರಿಯಿಡೀ ನಿಂತಿದೆ.

ಬಾಕಿ ಇರುವುದು ಬೀರು ಕೆಳಗಿನ ಜಾಗ. ಸರಳಿನಿಂದ ತಟ್ಟಿದರೆ ಎರಡಡಿ ಅಗಲಕ್ಕೆ ಟೊಳ್ಳು ಸದ್ದು, ನೀರು ಕೆಳಗಿನ ಮಣ್ಣು ಕೊಚ್ಚಿರಬೇಕು. ಸಣ್ಣ ತೂತು ಕೊರೆದು ಸಿಮೆಂಟ್ ಹಾಲು ಇಳಿಸುವುದು ಯೋಚನೆ. ಗೋಡೆ ಪೂರ್ತಿ ಒಣಗುವವರೆಗೆ ಪ್ಲಾಸ್ಟರ್ ಮುಟ್ಟುವುದಿಲ್ಲ. ಆದರೆ ಟೊಳ್ಳು ತುಂಬುವ ಕೆಲಸ ಜೂನ್ ಮಳೆಗೆ ಮುಂಚೆ ಮುಗಿಯಲೇಬೇಕು, ಬರುವ ವಾರ ಮೇಸ್ತ್ರಿ ಬರುತ್ತಾರೆ.