ಬೆಳಗಿನ ಗಾಳಿಯನ್ನೇ ದಿನದ ಗಾಳಿ ಅಂದುಕೊಂಡೆ

ನಾನು ಕೂತು ಕೆಲಸ ಮಾಡುವುದು ಮಡಿಕೇರಿಯ ಮನೆಯಲ್ಲಿ. ಲೆಕ್ಕ ಹಾಕುವುದು ಮಾತ್ರ 90 ಕಿಲೋಮೀಟರ್ ಮೇಲಿನ ಗಾಳಿಯದು. ಜೂನ್ ಬಂತೆಂದರೆ ಇಲ್ಲಿ ಎದುರಿನ ಗುಡ್ಡವೇ ಕಾಣುವುದಿಲ್ಲ, ನಕ್ಷತ್ರದ ಮಾತೆಲ್ಲಿ? ಆದರೆ ಆ ಗಾಳಿಯನ್ನು ಅಳೆಯುವ ಉಲ್ಕೆ ರಾಡಾರ್‌ಗೆ ಮೋಡ, ಮಳೆ, ಹಗಲು ಯಾವುದೂ ಅಡ್ಡಿಯಿಲ್ಲ. ರಾಡಾರ್ ಇರುವುದು ದೂರದ ಊರಲ್ಲಿ. ನನಗೆ ಬರುವುದು ಅದರ ಫೈಲುಗಳು.

ಅಷ್ಟು ಎತ್ತರಕ್ಕೆ ಬಲೂನ್ ಏರುವುದಿಲ್ಲ, ಅಷ್ಟು ಕೆಳಗೆ ಉಪಗ್ರಹ ಸುತ್ತುವುದಿಲ್ಲ. ರಾಕೆಟ್ ದಿನಾ ಹಾರಿಸೋಕೆ ಆಗುತ್ತಾ? ಹಾಗಾಗಿ ಮರಳಿನ ಕಾಳಿನಷ್ಟು ಚಿಕ್ಕ ಉಲ್ಕೆಗಳನ್ನೇ ನಂಬಿದ್ದೇವೆ. ಅವು 70ರಿಂದ 110 ಕಿ.ಮೀ. ಎತ್ತರದಲ್ಲಿ ಉರಿದು, ವಿದ್ಯುತ್ ಕಣಗಳ ಒಂದು ಗೆರೆ ಬಿಟ್ಟು ಹೋಗುತ್ತವೆ. ಆ ಗೆರೆಯನ್ನು ಗಾಳಿ ತಳ್ಳುತ್ತದೆ. ರಾಡಾರ್ ಅಲೆ ಅದಕ್ಕೆ ತಾಗಿ ವಾಪಸ್ ಬರುವಾಗ ಆವರ್ತನ ಚೂರು ಬದಲಾಗಿರುತ್ತದೆ. ಅದರಿಂದ ವೇಗ ಸಿಗುತ್ತದೆ. ಐದು ಆಂಟೆನಾಗಳಲ್ಲಿ ಕಾಣುವ ಫೇಸ್ ವ್ಯತ್ಯಾಸದಿಂದ, ಅಂದರೆ ಅಲೆ ಒಂದೊಂದಕ್ಕೂ ತುಸು ಹಿಂದೆಮುಂದೆ ತಲುಪುವುದರಿಂದ, ಉಲ್ಕೆ ಇದ್ದ ದಿಕ್ಕು ಸಿಗುತ್ತದೆ. ಒಂದು ಉಲ್ಕೆ ಹೇಳುವುದು ರಾಡಾರ್ ಕಡೆಗೋ ಅದರಿಂದಾಚೆಗೋ ಆದ ಚಲನೆ ಮಾತ್ರ. ಬೇರೆ ಬೇರೆ ದಿಕ್ಕಿನ ಹಲವು ಸೇರಿದರೇನೇ ಗಾಳಿ ಅನ್ನಬಹುದು.

ನನಗೆ ಕೊಟ್ಟ ಕೆಲಸ ದಿನದ ಸರಾಸರಿ ಗಾಳಿ. ಇಡೀ ದಿನದ ಉಲ್ಕೆಗಳನ್ನು ಒಂದೇ ಗುಡ್ಡೆ ಮಾಡಿ ಲೆಕ್ಕ ಓಡಿಸಿದೆ. ಗ್ರಾಫ್ ಎಷ್ಟು ನುಣುಪಾಗಿ ಬಂತೆಂದರೆ ಖುಷಿಯಿಂದ ಕಳಿಸಿಬಿಟ್ಟೆ.

ಹಿರಿಯರೊಬ್ಬರು ಫೋನ್ ಮಾಡಿದರು. "ಇದು ಎಷ್ಟು ಗಂಟೆಯ ಗಾಳಿ?"

"ದಿನದ್ದು ಸರ್."

"ಗಂಟೆವಾರು ಎಣಿಸಿ ನೋಡಿ ಹೇಳು."

ಎಣಿಸಿದೆ. ಬೆಳಗಿನ ಆರರ ಸುಮಾರಿಗೆ ರಾಶಿ. ಸಂಜೆ ಆರಕ್ಕೆ ಅದಕ್ಕಿಂತ ಹಲವು ಪಟ್ಟು ಕಡಿಮೆ. ಸಂಜೆ ಹೊತ್ತು ರಾಡಾರ್‌ಗೆ ಕರೆಂಟ್ ಕೈಕೊಟ್ಟಿರಬೇಕು ಅಂದುಕೊಂಡೆ. ಕೊಡಗಿನವರಿಗೆ ಮೊದಲ ಅನುಮಾನ ಕರೆಂಟಿನ ಮೇಲೇ ಅಲ್ವಾ!

ರಾಡಾರ್ ಸರಿಯಾಗಿಯೇ ಇತ್ತು. ಮಳೆಯಲ್ಲಿ ಸಂಪಾಜೆ ಘಾಟಿ ಇಳಿಯುವ ಜೀಪಿನ ಮುಂದಿನ ಗಾಜಿಗೆ ಹನಿ ರಪರಪ ಬಡಿಯುತ್ತದೆ, ಹಿಂದಿನ ಗಾಜಿಗೆ ಅಷ್ಟಿಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತದೆ. ಬೆಳಗಾಗುತ್ತಿರುವ ಕಡೆ ಅದರ ಮುಂದಿನ ಗಾಜು. ಸಂಜೆಯಾಗುತ್ತಿರುವ ಕಡೆಗೆ, ಹಿಂದಿನಿಂದ ಓಡಿ ಬಂದು ಹಿಡಿಯುವ ಉಲ್ಕೆಗಳಷ್ಟೇ ಸಿಗುತ್ತವೆ.

ಗಾಳಿ ದಿನವಿಡೀ ಒಂದೇ ಥರ ಇದ್ದರೆ ಇದರಿಂದ ತೊಂದರೆಯಿರಲಿಲ್ಲ. ಆದರೆ ಅಲ್ಲಿ ಸೂರ್ಯನ ಬಿಸಿಯಿಂದ ಏಳುವ ಉಬ್ಬರವಿಳಿತಗಳಿವೆ. 24 ಗಂಟೆಗೊಮ್ಮೆ, 12 ಗಂಟೆಗೊಮ್ಮೆ ಗಾಳಿ ಆ ಕಡೆ ಈ ಕಡೆ ತೂಗುತ್ತದೆ, ಅದೂ ಸೆಕೆಂಡಿಗೆ ಹತ್ತಾರು ಮೀಟರ್. ನಾನು ದಿನದ ಸರಾಸರಿ ಅಂತ ಕಳಿಸಿದ್ದು ಜಾಸ್ತಿ ಪಾಲು ಬೆಳಗಿನ ಗಾಳಿ.

ಊಟದ ಹೊತ್ತಿಗೆ ಮಾವನಿಗೆ ಹೇಳಿದೆ. ಅವರು ತೋಟದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ನೋಡಿ, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುವವರು. ಹನಿ ಬೀಳದ ದಿನವೂ ಸೊನ್ನೆ ಬರೆಯುತ್ತಾರೆ. "ಹಾಗಾದ್ರೆ ನೀನು ಬರೀ ಮಳೆ ಬಂದ ದಿನಗಳನ್ನ ಕೂಡಿಸಿದ್ದೀಯ" ಅಂದು ಸಾರು ಬಡಿಸಿಕೊಂಡರು.

ಈಗ ಮೊದಲು ಗಂಟೆಗೊಂದು ಗಾಳಿ ತೆಗೆಯುತ್ತೇನೆ. ಉಲ್ಕೆ ಸಾಲದ ಗಂಟೆಯನ್ನು ಸುಮ್ನೆ ಖಾಲಿ ಬಿಡುತ್ತೇನೆ. ಆಮೇಲೆ ಆ ಗಂಟೆವಾರು ಅಂಕಿಗಳಿಗೆ ಸರಾಸರಿಯನ್ನೂ ಉಬ್ಬರವಿಳಿತಗಳನ್ನೂ ಒಟ್ಟಿಗೆ ಹೊಂದಿಸುತ್ತೇನೆ. ಗ್ರಾಫ್ ಮೊದಲಿನಷ್ಟು ನುಣುಪಾಗಿಲ್ಲ. ಸಂಜೆ ಆರರ ಹತ್ತಿರ ಬಾಯಿ ತೆರೆದುಕೊಂಡೇ ಇರುತ್ತದೆ.