ಊರ ಮುಂದಿನ ಕಲ್ಲಿಗೆ ಎಷ್ಟು ವಯಸ್ಸು?

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಬುಡದಲ್ಲಿ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಬೇಕಾದಷ್ಟಿವೆ. ಕಂಡವರು ಮೊದಲು ಕೇಳುವುದು ‘ಇದು ಯಾವ ಕಾಲದ್ದು?’ ಎಂದು. ಊರಿನ ಹಿರಿಯರು ‘ಪಾಂಡವರ ಕಾಲದ್ದು’ ಎನ್ನುತ್ತಾರೆ. ಸ್ವಲ್ಪ ಓದಿಕೊಂಡವರು ‘ಶಕವರ್ಷಕ್ಕೆ 78 ಕೂಡಿಸಿ, ಇಸವಿ ಬರುತ್ತದೆ’ ಎನ್ನುತ್ತಾರೆ. ಕೂಡಿಸುವುದು ಸರಿಯೇ, ಆದರೆ ಅಷ್ಟಕ್ಕೇ ನಿಂತರೆ ಒಂದು ವರ್ಷ ತಪ್ಪಬಹುದು, ಅರವತ್ತು ವರ್ಷವೂ ತಪ್ಪಬಹುದು. ಶಕದ ಅಂಕಿ, ಸಂವತ್ಸರ, ತಿಥಿ, ವಾರ, ಆಳುವ ದೊರೆ, ಲಿಪಿ, ಭಾಷೆ, ಹೀಗೆ ಒಂದೇ ಕಲ್ಲಿನಲ್ಲಿ ಹಲವು ಸಾಕ್ಷಿಗಳಿರುತ್ತವೆ. ಒಂದರ ಮಾತನ್ನು ಇನ್ನೊಂದರಿಂದ ಒರೆಗೆ ಹಚ್ಚಿದ ಮೇಲೆಯೇ ತಾರೀಖು ಗಟ್ಟಿಯಾಗುವುದು.

ಲೆಕ್ಕ ಕಲಿಯಲು ಚೆನ್ನಾಗಿ ಉಳಿದಿರುವ ಶಾಸನವೊಂದನ್ನು ತೆಗೆದುಕೊಳ್ಳೋಣ. ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವ್ಯಾಜ್ಯವನ್ನು ವಿಜಯನಗರದ ದೊರೆ ಬುಕ್ಕರಾಯ ತೀರ್ಮಾನಿಸಿದ ಶ್ರವಣಬೆಳಗೊಳದ ಶಾಸನ ಅದು. ಅದರ ಕಾಲದ ಸಾಲು: ಶಕವರ್ಷ 1290ನೆಯ ಕೀಲಕ ಸಂವತ್ಸರದ ಭಾದ್ರಪದ ಶು 10 ಬೃ. ‘ಶು’ ಎಂದರೆ ಶುದ್ಧ, ಅಂದರೆ ಶುಕ್ಲಪಕ್ಷ. ‘ಬೃ’ ಎಂದರೆ ಬೃಹಸ್ಪತಿವಾರ. 1290ಕ್ಕೆ 78 ಕೂಡಿಸಿದರೆ 1368. ಭಾದ್ರಪದ ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಹಾಗಾಗಿ 78 ಸಾಕು. ಮಾಘ, ಫಾಲ್ಗುಣದಲ್ಲಿದ್ದರೆ ಅಷ್ಟರಲ್ಲಿ ಇಸವಿ ಬದಲಾಗಿರುತ್ತದೆ, 79 ಕೂಡಿಸಬೇಕು. ಪುಷ್ಯ ಡಿಸೆಂಬರ್–ಜನವರಿಯ ನಡುವೆ ಸಿಕ್ಕಿಕೊಳ್ಳುವುದರಿಂದ ತಿಥಿ ನೋಡದೆ ಏನೂ ಹೇಳಲಾಗದು.

ಮುಂದಿನದು ಸಂವತ್ಸರದ ಪರೀಕ್ಷೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ 60ನೆಯದಾದ ಅಕ್ಷಯ. 1290 ಮತ್ತು 12 ಸೇರಿ 1302, ಶೇಷ 42. ನಲವತ್ತೆರಡನೆಯದು ಕೀಲಕ. ಕಲ್ಲಿನ ಮಾತಿಗೂ ಲೆಕ್ಕಕ್ಕೂ ತಾಳೆಯಾಯಿತು. ಸೂತ್ರದ ಮೇಲೆ ಅನುಮಾನವಿದ್ದರೆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಪರೀಕ್ಷಿಸಬಹುದು: 2025ರ ಯುಗಾದಿಗೆ ಶಕ 1947 ಶುರುವಾಯಿತು, 12 ಕೂಡಿಸಿದರೆ 1959, ಶೇಷ 39, ಅದು ವಿಶ್ವಾವಸು. ನಮ್ಮ ಸೀಮೆಗೆ ಈ ದಕ್ಷಿಣದ ಎಣಿಕೆಯೇ ಸರಿ. ಉತ್ತರ ಭಾರತದಲ್ಲಿ ಗುರುವಿನ ಚಲನೆಗೆ ತಕ್ಕಂತೆ ನಡುನಡುವೆ ಒಂದು ಸಂವತ್ಸರವನ್ನು ಬಿಟ್ಟುಬಿಡುವುದರಿಂದ ಅಲ್ಲಿಯ ಹೆಸರು ಬೇರೆ ಬರುತ್ತದೆ.

ಶೇಷದ ಹೆಸರಿಗೂ ಕಲ್ಲಿನ ಹೆಸರಿಗೂ ಒಂದೇ ಒಂದು ಸ್ಥಾನ ವ್ಯತ್ಯಾಸ ಬಂದರೆ ಗಾಬರಿ ಬೇಡ. ‘ಇಷ್ಟು ವರ್ಷ ಸಂದು’ ಎಂದರೆ ಕಳೆದುಹೋದ ವರ್ಷಗಳ ಲೆಕ್ಕ, ‘ಇಷ್ಟನೆಯ’ ಎಂದರೆ ನಡೆಯುತ್ತಿರುವ ವರ್ಷ. ಮೇಲಿನ ಸೂತ್ರ ಸಂದ ವರ್ಷಕ್ಕೆ ಹೊಂದುವಂಥದ್ದು. ಬರೆದವರು ಈ ಭೇದವನ್ನು ಬಿಗಿಯಾಗಿ ಪಾಲಿಸಲಿಲ್ಲ. ಮೇಲಿನ ಶಾಸನವೇ ‘1290ನೆಯ’ ಎಂದಿದ್ದರೂ ಕೀಲಕ ಹೊಂದುವುದು 1290 ಸಂದ ಲೆಕ್ಕಕ್ಕೆ. ಇಂಥ ಕಡೆ ಸಂವತ್ಸರವನ್ನೇ ಹಿಡಿಯಬೇಕು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಆ ವರ್ಷದ ಸಂವತ್ಸರದ ಹೆಸರು ಊರಿನ ಎಲ್ಲರ ಬಾಯಲ್ಲೂ ಇರುತ್ತಿತ್ತು, ಶಕದ ಅಂಕಿ ಗೊತ್ತಿರುತ್ತಿದ್ದದ್ದು ಲೆಕ್ಕ ಬಲ್ಲ ನಾಲ್ಕು ಜನಕ್ಕೆ.

ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಅಂಕಿ ಓದುವುದರಲ್ಲೇ ಎಡವಿರುವ ಸಾಧ್ಯತೆ ದೊಡ್ಡದು. ಸವೆದ ಕಲ್ಲಿನಲ್ಲಿ ೨ ಮತ್ತು ೩, ೬ ಮತ್ತು ೯, ೧ ಮತ್ತು ೦ ಅದಲುಬದಲಾಗುತ್ತವೆ. ಅಂಕಿಯೊಂದು ಪೂರ್ತಿ ಚಕ್ಕೆ ಎದ್ದುಹೋಗಿದ್ದರೂ ಸಂವತ್ಸರ ಕೈಹಿಡಿಯುತ್ತದೆ. ಶಕ ‘೧೨-೦’ ಎಂದು ಮಾತ್ರ ಉಳಿದಿದ್ದು ಕೀಲಕ ಸ್ಪಷ್ಟವಾಗಿದೆ ಎಂದಿಟ್ಟುಕೊಳ್ಳಿ. ಹತ್ತರ ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಇಟ್ಟು ಸೂತ್ರ ಹಾಕಿದರೆ ಕೀಲಕ ಬರುವುದು ಎರಡೇ ಕಡೆ: 1230 ಮತ್ತು 1290. ಅಂದರೆ ಕ್ರಿ.ಶ. 1308 ಅಥವಾ 1368. ಮೇಲಿನ ಸಾಲಿನಲ್ಲಿ ಹೊಯ್ಸಳ ಬಲ್ಲಾಳದೇವ ಎಂದಿದ್ದರೆ ಮೊದಲನೆಯದು, ಬುಕ್ಕರಾಯ ಎಂದಿದ್ದರೆ ಎರಡನೆಯದು. ಹತ್ತು ಸಾಧ್ಯತೆ ಎರಡಕ್ಕೆ ಇಳಿದು, ದೊರೆಯ ಹೆಸರಿನಿಂದ ಒಂದಾಯಿತು.

ಪಾಳೆಯಗಾರರ ಕಾಲದ ಕಲ್ಲುಗಳಲ್ಲಿ ಶಕವೇ ಇಲ್ಲದೆ ಸಂವತ್ಸರವಷ್ಟೇ ಇರುವುದುಂಟು. ಆಗ ಕೀಲಕ ಎಂದರೆ 1548, 1608, 1668, 1728 ಯಾವುದೂ ಆಗಬಹುದು. ದೊರೆಯ ಹೆಸರಾಗಲಿ ಬೇರೆ ಕುರುಹಾಗಲಿ ಸಿಗದಿದ್ದರೆ ಅಷ್ಟನ್ನೂ ಬರೆದಿಡುವುದೇ ಪ್ರಾಮಾಣಿಕ ಕೆಲಸ.

ಕೊನೆಯ ಪರೀಕ್ಷೆ ವಾರದ್ದು, ಅತ್ಯಂತ ಕಠಿಣವಾದದ್ದೂ ಅದೇ. ತಿಥಿಗೆ ಸರಿಯಾದ ತಾರೀಖು ಹುಡುಕಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ.ಶ. 700ರಿಂದ 1799ರವರೆಗಿನ ದಿನಗಳಿಗೆ ಸಿದ್ಧಪಡಿಸಿದ ಕೋಷ್ಟಕಗಳಿವೆ. 1368ರ ಭಾದ್ರಪದ ಶುದ್ಧ ದಶಮಿ ಆಗಸ್ಟ್ 24, ಗುರುವಾರ. ಕಲ್ಲಿನ ‘ಬೃ’ ತಾಳೆಯಾಗುತ್ತದೆ. ಇಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. 1582ಕ್ಕೆ ಮುಂಚಿನ ತಾರೀಖುಗಳನ್ನು ಜೂಲಿಯನ್ ಕ್ಯಾಲೆಂಡರಿನಲ್ಲಿ ಹೇಳುವುದು ವಾಡಿಕೆ. ಕಂಪ್ಯೂಟರಿನ ಎಷ್ಟೋ ತಂತ್ರಾಂಶಗಳು ಈಗಿನ ಗ್ರೆಗೋರಿಯನ್ ಕ್ಯಾಲೆಂಡರನ್ನೇ ಹಿಂದಕ್ಕೆ ಎಳೆದು ಎಣಿಸುತ್ತವೆ. 14ನೆಯ ಶತಮಾನದಲ್ಲಿ ಎರಡಕ್ಕೂ ಎಂಟು ದಿನದ ಅಂತರ. ಹಾಗೆ ಕೇಳಿದರೆ 1368ರ ಆಗಸ್ಟ್ 24 ಬುಧವಾರ ಎಂದು ಬರುತ್ತದೆ, ಸರಿಯಾಗಿಯೇ ಇರುವ ಶಾಸನ ಕೂಟಶಾಸನದಂತೆ, ಅಂದರೆ ನಕಲಿಯಂತೆ, ಕಾಣುತ್ತದೆ.

‘ಶು’ ಎಂಬ ಒಂದಕ್ಷರವೂ ಮೋಸ ಮಾಡುತ್ತದೆ. ಅದರ ಮುಂದೆ ಅಂಕಿ ಇದ್ದರೆ ಶುದ್ಧ, ಅಂಕಿಯ ನಂತರ ಬಂದರೆ ಶುಕ್ರವಾರ. ಕೃಷ್ಣಪಕ್ಷಕ್ಕೆ ‘ಬ’, ಅಂದರೆ ಬಹುಳ. ಕೆಲವು ಶಾಸನಗಳಲ್ಲಿ ಅಂಕಿಯ ಬದಲು ಪದಗಳಿರುತ್ತವೆ: ಚಂದ್ರ ಎಂದರೆ 1, ನಯನ 2, ಅಗ್ನಿ 3, ಬಾಣ 5, ಋತು 6, ಗಜ 8, ನಂದ 9, ಆಕಾಶ 0. ಇವನ್ನು ಹಿಂದುಮುಂದಾಗಿ ಓದಬೇಕು. ‘ನಭ ನಂದ ನಯನ ಚಂದ್ರ’ ಎಂದರೆ 1290. ಸಮುದ್ರ ಸಾಮಾನ್ಯವಾಗಿ 4, ಕೆಲವೊಮ್ಮೆ 7, ಆದ್ದರಿಂದ ಅಲ್ಲೂ ಸಂವತ್ಸರವನ್ನು ಕೇಳದೆ ಮುಂದೆ ಹೋಗಬಾರದು.

ಇದೆಲ್ಲ ಕಾಲದ ಸಾಲು ಇರುವ ಕಲ್ಲುಗಳ ಮಾತು. ಗಂಗರ, ನೊಳಂಬರ ಕಾಲದ ವೀರಗಲ್ಲುಗಳು ಎಷ್ಟೋ ಬಾರಿ ಯಾವ ವರ್ಷವನ್ನೂ ಹೇಳದೆ ‘ಪೃಥುವೀರಾಜ್ಯಂಗೆಯ್ಯೆ’ (ರಾಜ್ಯವಾಳುತ್ತಿರಲು) ಎಂದು ದೊರೆಯನ್ನು ನೆನೆದು, ತುಱು ಅಂದರೆ ದನ ಹಿಡಿದವರ ಜೊತೆ ಕಾದಿ ಸತ್ತವನ ಹೆಸರು ಹೇಳಿ, ಅವನ ಮನೆಯವರಿಗೆ ಬಿಟ್ಟ ಕಲ್ನಾಡನ್ನು, ಅಂದರೆ ದತ್ತಿಯ ಭೂಮಿಯನ್ನು, ನಮೂದಿಸಿ ಮುಗಿಸುತ್ತವೆ. ನನಗೆ ಈ ಕಲ್ಲುಗಳ ಮೇಲೆಯೇ ಹೆಚ್ಚು ಪ್ರೀತಿ. ದನ ಕಾಯಲು ಹೋಗಿ ಸತ್ತ ಒಬ್ಬ ಊರಿನವನ ಹೆಸರು ಸಾವಿರ ವರ್ಷ ಉಳಿದಿರುವುದು ಇವುಗಳಲ್ಲೇ. ಇಲ್ಲಿ ಬಿರುದನ್ನು ನಂಬಿ ಮೋಸಹೋಗುವುದು ಸುಲಭ. ‘ಕೋಳಾಲಪುರವರೇಶ್ವರ ನಂದಗಿರಿನಾಥ’ ಎಂದು ಕಂಡ ಕೂಡಲೇ ದೊರೆ ಕೋಲಾರದಲ್ಲಿ ಕೂತು ಆಳುತ್ತಿದ್ದ ಎಂದು ತಿಳಿಯಬೇಡಿ. ಗಂಗರ ರಾಜಧಾನಿ ತಲಕಾಡಿಗೆ ಹೋದ ಮೇಲೂ ಕೋಲಾರ, ನಂದಿಬೆಟ್ಟ ಎರಡೂ ಬಿರುದಿನಲ್ಲಿ ಉಳಿದವು. ಅದು ವಂಶದ ಗುರುತು.

ವರ್ಷವಿಲ್ಲದಾಗ ಭಾಷೆಯನ್ನು ಕೇಳಬೇಕು. ‘ಪೋದ’, ‘ಪಳ್ಳಿ’ ಎಂದು ಪಕಾರವಿದ್ದರೆ ಹಳೆಯದು. ‘ಹೋದ’, ‘ಹಳ್ಳಿ’ ಎಂಬ ಹಕಾರ 10ನೆಯ ಶತಮಾನದಿಂದ ತಲೆಯೆತ್ತಿ ಆಮೇಲೆ ಹರಡಿತು. ಹಳಗನ್ನಡದ ‘ೞ’ ಅಕ್ಷರ ಸರಿಯಾದ ಜಾಗದಲ್ಲಿ ಬಳಕೆಯಾಗಿದ್ದರೆ 12ನೆಯ ಶತಮಾನಕ್ಕಿಂತ ಈಚೆಗೆ ತರಲು ಹಿಂಜರಿಯಬೇಕು. ‘ಱ’ ಇನ್ನೂ ಬಹಳ ಕಾಲ ಬಾಳಿತು, ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಬಿರುದುಗಳಲ್ಲಿ ಹಳೆಯ ರೂಪ ಹಾಗೆಯೇ ಉಳಿಯುವುದರಿಂದ ಈ ಪರೀಕ್ಷೆಯನ್ನು ಬಿರುದಿನ ಸಾಲಿಗೆ ಹಾಕದೆ ಕಥೆ ಹೇಳುವ ಸಾಲಿಗೆ ಹಾಕಿ. ಇಷ್ಟೆಲ್ಲ ಮಾಡಿದರೂ ಸಿಗುವುದು ಒಂದು ಶತಮಾನ, ಹೆಚ್ಚೆಂದರೆ ಅರ್ಧ ಶತಮಾನ. ‘ಸುಮಾರು 9ನೆಯ ಶತಮಾನ’ ಎಂದು ಬರೆಯಲು ಸಂಕೋಚ ಬೇಡ.

ಕೋಲಾರಮ್ಮನ ಗುಡಿಯಲ್ಲಿರುವಂತೆ ಈ ಸೀಮೆಯಲ್ಲಿ ಚೋಳರ ತಮಿಳು ಶಾಸನಗಳೂ ಇವೆ. ಅವುಗಳಲ್ಲಿ ಹೆಚ್ಚಾಗಿ ಶಕವಿರುವುದಿಲ್ಲ, ದೊರೆಯ ಆಳ್ವಿಕೆಯ ಎಷ್ಟನೆಯ ಯಾಂಡು (ವರ್ಷ) ಎಂದಿರುತ್ತದೆ. ಒಂದನೆಯ ರಾಜೇಂದ್ರನ ಎಣಿಕೆ 1012ರಿಂದ ಶುರು. ಅವನ 22ನೆಯ ಯಾಂಡು ಎಂದಿದ್ದರೆ 1012ಕ್ಕೆ 22 ಕೂಡಿಸಿ 1 ಕಳೆದು 1033, ಅಥವಾ ಅದರ ಮರುವರ್ಷದ ಮೊದಲ ಭಾಗ. ಒಂದು ಕಳೆಯುವುದನ್ನು ಮರೆಯುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ಚೋಳರು ರಾಜಕೇಸರಿ, ಪರಕೇಸರಿ ಎಂಬ ಬಿರುದುಗಳನ್ನು ಸರದಿಯಂತೆ ಧರಿಸುತ್ತಿದ್ದರು. ರಾಜರಾಜ ರಾಜಕೇಸರಿ, ಅವನ ಮಗ ರಾಜೇಂದ್ರ ಪರಕೇಸರಿ. ಹೆಸರು ಅಳಿಸಿ ಬಿರುದು ಉಳಿದಿದ್ದರೆ ಅದರಿಂದಲೇ ಅರ್ಧ ದೊರೆಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು.

ಲೆಕ್ಕಕ್ಕಿಂತ ಮುಂಚೆ ಅಕ್ಷರ ಕಣ್ಣಿಗೆ ಕಾಣಬೇಕಲ್ಲ. ಹಳೇಬೀಡಿನ ಬಳಪದ ಕಲ್ಲಿನಲ್ಲಿ ಕೆತ್ತಿದ ಅಕ್ಷರ ಉಗುರಿನಷ್ಟು ಚೂಪಾಗಿ ಉಳಿದಿರುತ್ತದೆ. ನಮ್ಮ ಕಡೆಯದು ಹರಳುಹರಳಾದ ಕಗ್ಗಲ್ಲು. ಬಿಸಿಲು ಮಳೆಗೆ ಮೇಲ್ಪದರ ಚಕ್ಕೆಯಾಗಿ ಏಳುತ್ತದೆ, ಬಿಳಿ ಹರಳು ಉದುರಿದ ಗುಳಿ ಅನುಸ್ವಾರದ ಸೊನ್ನೆಯಂತೆಯೇ ಕಾಣುತ್ತದೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣದು. ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಓರೆ ಬಿಸಿಲಿನಲ್ಲಿ ನೋಡಿ. ಕಲ್ಲು ಬಡಗಣಕ್ಕೆ ಮುಖ ಮಾಡಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು, ಎಡ, ಬಲ, ಮೇಲು, ಕೆಳಗು ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆಯಿರಿ. ಒಂದಕ್ಕಿಂತ ಹೆಚ್ಚು ಫೋಟೊಗಳಲ್ಲಿ ನಿಲ್ಲುವ ಗೆರೆ ಉಳಿಯಿಂದ ಕೆತ್ತಿದ್ದಾಗಿರುವ ಸಾಧ್ಯತೆ ಹೆಚ್ಚು. ಒಂದೇ ಒಂದರಲ್ಲಿ ಕಂಡು ಉಳಿದೆಲ್ಲದರಲ್ಲಿ ಮಾಯವಾದರೆ ಅದು ಕಲ್ಲಿನ ಹರಳಿರಬಹುದು.

ಸೀಮೆಸುಣ್ಣದಿಂದ ಅಕ್ಷರ ತುಂಬುವ ಅಭ್ಯಾಸವನ್ನು ದಯವಿಟ್ಟು ಬಿಡಿ. ತುಂಬುವವನು ತನಗೆ ಹೊಳೆದ ಅಕ್ಷರವನ್ನು ತುಂಬುತ್ತಾನೆ, ನಂತರ ಬಂದವರೆಲ್ಲ ಅದನ್ನೇ ಓದುತ್ತಾರೆ. ಎಣ್ಣೆ ಮೆತ್ತಿದರೆ ಧೂಳು ಕೂತು ಅಕ್ಷರ ತುಂಬಿಹೋಗುತ್ತದೆ, ತಂತಿ ಬ್ರಷ್ಷು ಸವೆದ ಗೆರೆಯನ್ನೇ ಕಿತ್ತುತರುತ್ತದೆ, ಆಸಿಡ್ ಅಂತೂ ಮುಟ್ಟಲೇಬಾರದು. ಹಾವಸೆ ಇದ್ದರೆ ಬರೀ ನೀರು, ಮೆತ್ತನೆ ಬ್ರಷ್ಷು ಸಾಕು.

ಪಡಿಯಚ್ಚು, ಅಂದರೆ ಕಾಗದದ ಮೇಲೆ ಕಲ್ಲಿನ ಅಕ್ಷರಗಳ ಅಚ್ಚು, ತೆಗೆಯುವುದಾದರೆ ತೆಳುವಾದ, ಗಟ್ಟಿ ನಾರಿನ ಕಾಗದವನ್ನು ನೆನೆಸಿ ಒದ್ದೆ ಕಲ್ಲಿಗೆ ಹಚ್ಚಿ, ಒತ್ತಾದ ಎಳೆಗಳ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಬಡಿಯುತ್ತ ಹೋಗಬೇಕು. ಒಳಗೆ ಗಾಳಿ ಉಳಿದರೆ ಅಲ್ಲಿಯ ಅಕ್ಷರ ಹೋಯಿತು. ಕಾಗದ ಅರ್ಧ ಆರಿದಾಗ ಬಟ್ಟೆಯ ಉಂಡೆಗೆ ಶಾಯಿ ಹಚ್ಚಿ, ಮೊದಲು ಅದನ್ನು ಹಲಗೆಯ ಮೇಲೆ ತಟ್ಟಿ ಹದ ಮಾಡಿಕೊಂಡು, ಆಮೇಲೆ ಹಗುರವಾಗಿ ಒತ್ತಬೇಕು. ಗುಳಿಯೊಳಗಿನ ಅಕ್ಷರ ಬಿಳಿಯಾಗಿ, ಸುತ್ತಲಿನದು ಕಪ್ಪಾಗಿ ಬರುತ್ತದೆ. ಕಾಗದ ತೀರಾ ಒದ್ದೆಯಿದ್ದರೆ ಶಾಯಿ ಹರಡುತ್ತದೆ, ಶಾಯಿ ಹೆಚ್ಚಾದರೆ ತೂರಿಹೋಗಿ ಕಲ್ಲಿಗೇ ಕಲೆ. ಬಲ್ಲವರ ಜೊತೆ ನಾಲ್ಕಾರು ಸಲ ಮಾಡಿ ಕಲಿಯದೆ ಹಳೆಯ ಕಲ್ಲಿನ ಮೇಲೆ ಪ್ರಯೋಗ ಬೇಡ. ಕೋಲಾರಮ್ಮ, ನಂದಿಯ ಭೋಗನಂದೀಶ್ವರದಂಥ ಸಂರಕ್ಷಿತ ಜಾಗಗಳಲ್ಲಿ ಪುರಾತತ್ವ ಸರ್ವೇಕ್ಷಣದ ಅನುಮತಿ ಇಲ್ಲದೆ ಮಾಡಲೇಬಾರದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲಿಗೆ ಶಾಯಿಯ ಸೋಂಕೇ ಇಲ್ಲದಂತೆ ಶಾಸನಗಳನ್ನು ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಕಗ್ಗಲ್ಲಿಗೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

ನಿಮ್ಮೂರಿನ ಕಲ್ಲನ್ನು ಯಾರಾದರೂ ಆಗಲೇ ಓದಿದ್ದಾರೆಯೇ ಎಂದು ಮೊದಲು ನೋಡಿ. ಬಿ. ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ತುಮಕೂರಿನದು 12ನೆಯದು, 1904ರದ್ದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಯ ಶಾಸನಗಳನ್ನು ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಶಾಸನಗಳಿಗೆ ತಾಲೂಕುವಾರು ಸಂಖ್ಯೆ ಇದೆ, ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಊರಿನ ಹೆಸರು ನೂರು ವರ್ಷದ ಹಿಂದಿನ ಉಚ್ಚಾರದಲ್ಲಿರುತ್ತದೆ, ಸಿಗದಿದ್ದರೆ ಪಕ್ಕದ ಊರಿನ ಹೆಸರಿನಲ್ಲೂ ನೋಡಿ.

ಅಲ್ಲೂ ಇಲ್ಲದಿದ್ದರೆ ಕಲ್ಲನ್ನು ಇದ್ದಲ್ಲೇ ಬಿಡಿ. ತೊಳೆದು ಗುಡಿಯ ಅಂಗಳಕ್ಕೆ ಸಾಗಿಸಿದರೆ ಅದು ಯಾವ ಕೆರೆಯ, ಯಾವ ಗಡಿಯ ಕಲ್ಲು ಎಂಬ ಸಾಕ್ಷಿ ಕಳೆದುಹೋಗುತ್ತದೆ. ಊರು, ಸರ್ವೆ ನಂಬರು, ಕಲ್ಲು ಮುಖ ಮಾಡಿರುವ ದಿಕ್ಕು, ನೆಲದಿಂದ ಮೇಲಿನ ಎತ್ತರ, ಅಗಲ, ಸಾಲುಗಳ ಸಂಖ್ಯೆ, ವೀರಗಲ್ಲಾದರೆ ಎಷ್ಟು ಹಂತದ ಚಿತ್ರಗಳಿವೆ, ಇಷ್ಟನ್ನು ಬರೆದು, ಅಳತೆಪಟ್ಟಿ ಪಕ್ಕಕ್ಕಿಟ್ಟು ತೆಗೆದ ಫೋಟೊಗಳ ಜೊತೆ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಬುಡದ ಒಂದೆರಡು ಸಾಲು ಮಣ್ಣಿನಲ್ಲಿ ಹೂತಿರುವುದು ಮಾಮೂಲು. ಅದನ್ನು ಅಗೆಯಬೇಡಿ, ‘ಕೆಳಗೆ ಇನ್ನೂ ಸಾಲುಗಳಿರಬಹುದು’ ಎಂದು ಪತ್ರದಲ್ಲಿ ಸೇರಿಸಿ.